ಕಡತದ ಗಂಟು

ದೇಶದ ಹಣಕಾಸು ಸುಧಾರಣೆಯ ಇತಿಹಾಸದಲ್ಲಿ ಒಂದು ದಾರದ ಗಂಟಿಗೂ ಪಾತ್ರವಿದೆ ಎಂದರೆ ಯಾರೂ ನಗಕೂಡದು.

ಜನ ಬ್ಯಾಂಕಿನ ಕಾಗದಗಳಿಗೆ ಓದದೆ ಏಕೆ ಸಹಿ ಹಾಕುತ್ತಾರೆಂದು ಸರ್ಕಾರವೇ ಅಧ್ಯಯನ ಮಾಡತಕ್ಕದ್ದು ಎಂದು ಹೊಸ ಕಾಯ್ದೆ ವಿಧಿಸಿತ್ತು. ಆ ಕೆಲಸ ಹಣಕಾಸು ಇಲಾಖೆಯ ಅಧಿಕಾರಿ ಧರಣೇಂದ್ರ ಬಲ್ಲಾಳರ ಕೊರಳಿಗೆ ಬಿತ್ತು. ಹೆಂಡತಿಯನ್ನು ಕಾರ್ಕಳದಲ್ಲಿ ಬಿಟ್ಟು, ರಾಜಧಾನಿಯ ಕಚೇರಿಯೊಂದರ ಮೂಲೆಕೋಣೆಯಲ್ಲಿ ಮೂರು ವರ್ಷ ಒಬ್ಬರೇ ಕೂತು ಬರೆದರು. ಊಟವಾಯಿತೇ ಎಂದು ಕೇಳಲು ಫೋನಿನೊಳಗಿನ ಹೆಂಡತಿಯ ಹೊರತು ಯಾರೂ ಇರಲಿಲ್ಲ. ವರದಿ ಮುಗಿದರೆ ಊರಿಗೆ ವರ್ಗವಾದೀತೆಂಬುದೊಂದೇ ಆಸೆ.

ವರದಿ ಕೊಟ್ಟ ವಾರಕ್ಕೆ ಇಲಾಖೆಯ ಕಾರ್ಯದರ್ಶಿಗಳು ಕರೆಸಿದರು.

"ಬನ್ನಿ ಬಲ್ಲಾಳ್ರೇ. ಪೂರ್ತಿ ಓದಿದೆ ಕಣ್ರೀ, ಅದ್ಭುತ!" ಎನ್ನುತ್ತಾ ಕಡತದ ಮೇಲಿನ 'ಓದಿ ಒಪ್ಪಿದ್ದೇನೆ' ಎಂಬ ಚೀಟಿಗೆ ಸಹಿ ಹಾಕಿದರು.

ಕಡತಕ್ಕೆ ತಾವೇ ಬಿಗಿದಿದ್ದ ಗಂಟು ಹಾಗೇ ಇದ್ದುದನ್ನು ಬಲ್ಲಾಳರು ಕಂಡರು. ಇದರ ಬಗ್ಗೆಯೇ ತಾನೇ ನಾನು ನಾನೂರು ಪುಟ ಬರೆದದ್ದು ಎಂದು ಒಳಗೊಳಗೇ ನಕ್ಕರು.

"ಸಾರ್, ನನ್ನ ವರ್ಗದ ವಿಷಯ..."

"ನಿಮ್ಮ ವಿಷಯಾನೂ ಇತ್ಯರ್ಥ ಆಯ್ತು. ಇಲ್ಲೊಂದು ಸೈನ್ ಹಾಕಿ, ಪ್ರತಿ ತಗೊಂಡ್ಹೋಗಿ."

ಬಲ್ಲಾಳರಿಗೆ ಕಣ್ಣು ತುಂಬಿ ಬಂತು. ಕಾರ್ಯದರ್ಶಿಗಳು ಬೆರಳು ತೋರಿಸಿದಲ್ಲಿ ಸಹಿ ಹಾಕಿ, ಹೊರಗೆ ಬಂದು ಫೋನು ಮಾಡಿದರು.

"ಬರ್ತೇನೆ ಮಾರಾಯ್ತಿ! ಇನ್ನು ಒಟ್ಟಿಗೇ ಊಟ."

"ಹೌದಾ! ಯಾವಾಗ? ಆರ್ಡರಲ್ಲಿ ಯಾವ ತಾರೀಕು ಉಂಟು?"

ಬಲ್ಲಾಳರು ಪ್ರತಿಯನ್ನು ಬಿಡಿಸಿ ಓದಿದರು. ಎರಡನೇ ಹಂತದ ಅಧ್ಯಯನಕ್ಕಾಗಿ ಅದೇ ಕೋಣೆಯಲ್ಲಿ ಇನ್ನೂ ಮೂರು ವರ್ಷ ಉಳಿಯಲು ಅವರು ಸ್ವಂತ ಇಚ್ಛೆಯಿಂದ ಒಪ್ಪಿಗೆ ಕೊಟ್ಟಿದ್ದರು.