ಶುಕ್ರವಾರದ ವರದಿ

ಆರು ಎಂದಿದ್ದ ಕಡೆ ಅವಳು ನಲವತ್ತೊಂದು ಎಂದು ಬರೆದಳು. ಮತ್ತೊಮ್ಮೆ ಓದಿದರೆ ಕೈ ತಡೆಯುತ್ತದೆಂದು ತಕ್ಷಣ ಕಳಿಸಿಬಿಟ್ಟಳು.

ತಮ್ಮ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿಕೊಂಡವರಿಗೆ ಆನ್‌ಲೈನ್ ಜಾಹೀರಾತು ನಡೆಸಿಕೊಡುವುದು, ಬಂದ ಆರ್ಡರಿಗೆ ಪ್ರತಿ ಕಳಿಸಿ ವರ್ಷದ ಕೊನೆಗೆ ಹಣ ಒಪ್ಪಿಸುವುದು ಅವಳ ಕೆಲಸ. ಎಷ್ಟು ಜನ ಜಾಹೀರಾತು ನೋಡಿದರು, ಎಷ್ಟು ಜನ ಕ್ಲಿಕ್ ಮಾಡಿದರು, ಎಷ್ಟು ಪ್ರತಿ ಹೋದವು ಎಂದು ಪ್ರತಿ ಶುಕ್ರವಾರ ಹನ್ನೆರಡು ಮಂದಿ ಲೇಖಕರಿಗೆ ವರದಿ ಹೋಗುತ್ತಿತ್ತು. ಹನ್ನೊಂದು ವರದಿ ನಿಜ. ಒಂದು ಮಾತ್ರ ಹದಿನೇಳು ವಾರಗಳಿಂದ ಸುಳ್ಳು.

ಆ ಒಬ್ಬರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ತಾವು ಜೋಡಿಸಿದ, ಕಡಿದ, ಅಕಸ್ಮಾತ್ತಾಗಿ ಕೇಳಿಸಿಕೊಂಡ ಕರೆಗಳ ಬಗ್ಗೆ ಪುಸ್ತಕ ಬರೆದಿದ್ದರು. ಮುಖಪುಟದಲ್ಲಿ ಹೆಸರಿನ ಜಾಗಕ್ಕೆ 'ಆಪರೇಟರ್' ಎಂದಷ್ಟೇ ಹಾಕಿಸಿದ್ದರು, ಫೋಟೋ ಬೇಡ ಎಂದಿದ್ದರು. ಅವಳು ಅವರನ್ನು ಕಂಡಿರಲಿಲ್ಲ. ದನಿಯನ್ನೂ ಕೇಳಿರಲಿಲ್ಲ. ಮೂವತ್ತು ವರ್ಷ ಫೋನು ಹಿಡಿದು ಕಿವಿ ತೂತಾಗಿದೆ, ಇನ್ನು ಬರೆದೇ ಮಾತಾಡೋಣ ಎಂದು ಮೊದಲ ದಿನವೇ ಕರಾರು ಹಾಕಿದ್ದರು.

ಶುರುವಿನಲ್ಲಿ ಪುಸ್ತಕ ಸಲೀಸಾಗಿ ಓಡಿತು. ವಾರಕ್ಕೆ ನಲವತ್ತು, ಒಮ್ಮೊಮ್ಮೆ ಐವತ್ತು. ಅವಳ ವರದಿಗೆ ಉದ್ದುದ್ದ ಉತ್ತರ ಬರುತ್ತಿತ್ತು. ಅದರಲ್ಲಿ ಒಂದು ತಮಾಷೆ, ಅವಳ ಕಾಗುಣಿತಕ್ಕೆ ಎರಡು ತಿದ್ದುಪಡಿ. ಜಾಹೀರಾತಿನ ಕೆಳಗೆ ಜನ ಕೇಳುವ ಪ್ರಶ್ನೆಗಳನ್ನು ತಾವೇ ನೋಡಿಕೊಳ್ಳುವುದಾಗಿ ಅವರು ಹೇಳಿದ್ದರಿಂದ ಅವಳು ಆ ಕಡೆ ತಲೆ ಹಾಕಿರಲಿಲ್ಲ.

ಆಮೇಲೆ ಒಂದು ವಾರ, ಯಾರೋ ನಲ್ಲಿ ತಿರುಗಿಸಿದ ಹಾಗೆ, ಹತ್ತೊಂಬತ್ತಕ್ಕೆ ಇಳಿಯಿತು. ಅವಳು ಆ ಅಂಕಿಯನ್ನು ಹಾಗೆಯೇ ಬರೆದು ಕಳಿಸಬೇಕೆನ್ನುವಷ್ಟರಲ್ಲಿ ಅವರದೇ ಸಂದೇಶ ಬಂತು: "ಈ ವಾರ ಏನಾದರೂ ಒಳ್ಳೆಯ ಸುದ್ದಿ ಇದ್ದರೆ ಕಳಿಸಿ." ಅದೊಂದೇ ಸಾಲು. ಅವಳು ಹತ್ತೊಂಬತ್ತನ್ನು ಅಳಿಸಿ ನಲವತ್ತಮೂರು ಮಾಡಿದಳು. ಮುಂದಿನ ವಾರ ಸರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು.

ಸರಿಹೋಗಲಿಲ್ಲ. ಒಂದೇ ಜಾಹೀರಾತು ನೋಡಿ ನೋಡಿ ಜನಕ್ಕೆ ಬೇಜಾರಾಗಿರಬೇಕೆಂದು ಚಿತ್ರ ಬದಲಾಯಿಸಿದಳು. ಮೊದಲ ಸಾಲನ್ನು ಏಳು ರೀತಿ ಬರೆದಳು. ವಯಸ್ಸಾದವರನ್ನು ಬಿಟ್ಟು ಕಾಲೇಜು ಹುಡುಗಿಯರಿಗೆ ತೋರಿಸಿದಳು, ಬೆಳಗಿನ ಹೊತ್ತು ಬಿಟ್ಟು ಮಧ್ಯಾಹ್ನಕ್ಕೆ ಹಾಕಿದಳು. ಅಂಕಿ ಒಂಬತ್ತಾಯಿತು, ಏಳಾಯಿತು. ಇತ್ತ ಅವರ ಉತ್ತರವೂ ಕುಗ್ಗುತ್ತಾ ಬಂದು "ಸಂತೋಷ" ಎಂಬ ಒಂದೇ ಪದಕ್ಕೆ ನಿಂತಿತ್ತು. ವಾಸನೆ ಹಿಡಿದಿದ್ದಾರೆ, ಬಾಯಿಬಿಟ್ಟು ಕೇಳುತ್ತಿಲ್ಲ ಅಷ್ಟೇ ಎಂದು ಅವಳಿಗೆ ಅನ್ನಿಸುತ್ತಿತ್ತು.

ನಲವತ್ತೊಂದಕ್ಕೆ ಬಂದ ಉತ್ತರ ಈ ಸಲ ಒಂದು ಪದದಲ್ಲಿ ನಿಲ್ಲಲಿಲ್ಲ. "ಹಾಗಾದರೆ ಎರಡನೇ ಮುದ್ರಣ ಹಾಕಿಸುತ್ತೇನೆ. ಸಾವಿರ ಪ್ರತಿ. ಸೋಮವಾರ ಪ್ರೆಸ್ಸಿಗೆ ಹೋಗುತ್ತಿದ್ದೇನೆ."

ಅವತ್ತು ಸಂಜೆ, ತನ್ನ ಸುಳ್ಳನ್ನು ಒಪ್ಪಿಕೊಳ್ಳುವ ಮುನ್ನ ಎಲ್ಲವನ್ನೂ ಒಮ್ಮೆ ನೋಡಿಬಿಡೋಣವೆಂದು, ಅವಳು ಮೊದಲ ಸಲ ಜಾಹೀರಾತಿನ ಕೆಳಗಿನ ಮಾತುಗಳನ್ನು ಓದಿದಳು. ಹಳೆಯ ಪ್ರಶ್ನೆಗಳಿಗೆಲ್ಲ ಚುರುಕಾದ, ಕಿಲಾಡಿ ಉತ್ತರಗಳಿದ್ದವು. ಆ ಉತ್ತರ ಓದಿಯೇ ಪುಸ್ತಕ ತರಿಸಿಕೊಂಡೆವು ಎಂದು ಎಷ್ಟೋ ಜನ ಬರೆದಿದ್ದರು. ಆಮೇಲೆ ಉತ್ತರಗಳೇ ಇರಲಿಲ್ಲ. ಪ್ರಶ್ನೆಗಳ ಕೆಳಗೆ ಪ್ರಶ್ನೆ. ಕೊನೆಗೆ ಯಾರೋ ಕೇಳಿದ್ದರು, "ಯಾರಾದರೂ ಇದ್ದೀರಾ?"

ಶನಿವಾರ ಬೆಳಿಗ್ಗೆ ಅವಳು ವಿಳಾಸ ಹುಡುಕಿಕೊಂಡು ಹೋದಳು. ಎರಡನೇ ಮಹಡಿ. ಬಾಗಿಲು ತೆರೆದವರು ಸಪೂರ ಮೈಯ, ನರೆತ ಗಡ್ಡದ ಹಿರಿಯರು. ಆಪರೇಟರ್ ಅವರ ಮನೆ ಇದೇನಾ ಎಂದು ಕೇಳಿದಳು.

"ಇದೇ. ಜಾಹೀರಾತಿನವರಲ್ವಾ ನೀವು? ಬನ್ನಿ."

ಕುಳಿತ ಮೇಲೆ ಎದುರಿನ ಗೋಡೆ ನೋಡಿದಳು. ಅವಳ ವರದಿಗಳನ್ನು ಅಚ್ಚು ತೆಗೆದು ವಾರದ ಪ್ರಕಾರ ಅಂಟಿಸಿದ್ದರು. ಹದಿನೇಳು ಹಾಳೆ. ನೀರು ಕುಡಿಯಲು ಎತ್ತಿದ ಲೋಟವನ್ನು ಹಾಗೇ ಕೆಳಗಿಟ್ಟಳು.

ಸುತ್ತಿ ಬಳಸದೆ ಹೇಳಿದಳು. ಅಲ್ಲಿರುವ ಒಂದು ಅಂಕಿಯೂ ನಿಜವಲ್ಲ ಎಂದಳು. ಮೊದಲ ಸಲ ಏಕೆ ಬದಲಿಸಿದೆ, ಆಮೇಲೆ ಏಕೆ ನಿಲ್ಲಿಸಲಾಗಲಿಲ್ಲ ಎಂದು ಹೇಳಿದಳು. ದಯವಿಟ್ಟು ಪ್ರೆಸ್ಸಿಗೆ ಹೋಗಬೇಡಿ ಎಂದಳು. ಪ್ರಶ್ನೆಗಳಿಗೆ ಉತ್ತರ ನಿಂತದ್ದನ್ನು ಆಗಲೇ ಗಮನಿಸಿದ್ದರೆ ಇಷ್ಟಾಗುತ್ತಿರಲಿಲ್ಲ, ಅದನ್ನು ನೋಡದೆ ಹೋದದ್ದೂ ತನ್ನದೇ ತಪ್ಪು ಎಂದಳು. ಅವರು ತಲೆ ತಗ್ಗಿಸಿ ಕೇಳಿದರು. ಸಿಟ್ಟು ಮಾಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ನಿಜವಾಗ್ಲೂ ಎಷ್ಟು ಈ ವಾರ?"

"ಆರು, ಸರ್."

"ಆರು ಜನ." ಅವರು ಮೆಲ್ಲಗೆ ತಲೆಯಾಡಿಸಿದರು. "ಆರು ಜನ ಓದೋಕೆ ತಗೊಂಡಿದಾರೆ ಅಂದ್ರೆ ಕಮ್ಮಿ ಏನಲ್ಲ." ಕೆಳಗಿಟ್ಟ ಲೋಟವನ್ನು ಅವಳ ಕಡೆ ಸರಿಸಿದರು. "ಜನರಿಗೆ ಉತ್ತರ ಕೊಡೋಕೆ ಕೂತೆ, ನನ್ನ ಕೈಲಿ ಆಗಲಿಲ್ಲ. ನಿಮಗೊಂದು ಪದ ಬರೆಯೋಷ್ಟರಲ್ಲೇ ಸಾಕಾಗ್ತಿತ್ತು."

"ಮೈಯಲ್ಲಿ ಹುಷಾರಿರಲಿಲ್ವಾ ಸರ್?"

ಅವರು ಅವಳ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದರು.

"ಆಪರೇಟರ್ ನಾನಲ್ಲಮ್ಮ, ನನ್ನ ಹೆಂಡತಿ. ಅವಳು ತೀರಿಕೊಂಡು ನಾಲ್ಕು ತಿಂಗಳಾಯ್ತು. ಸುಳ್ಳು ಹೇಳ್ತಾ ಇದ್ದೋನು ನಾನು."