ಮೇಜಿನ ತುದಿಯ ಕುರ್ಚಿ

ಚರ್ಚಿನ ಸಭಾಪಾಲಕರು ತಾವೇ ಮದುವೆ ಮಾಡಿಸಿದ ಹೊಸ ಜೋಡಿಯನ್ನು ಸಂಜೆ ಊಟಕ್ಕೆ ಕರೆದಿದ್ದರು.

"ದೇವರು ಮೊದಲು. ಆಮೇಲೆ ಹೆಂಡತಿ, ಮಕ್ಕಳು. ಸಭೆಯ ಕೆಲಸ ಅದಾದ ಮೇಲೆ. ಈ ಕ್ರಮ ತಪ್ಪಬಾರದು," ಎಂದು ಮದುಮಗನಿಗೆ ಬೆರಳು ಮಡಚಿ ಹೇಳುತ್ತಿದ್ದಾಗಲೇ ಅವರಿಗೆ ಫೋನ್ ಬಂತು.

"ಊಟ ಮುಗಿಸಿ ಬಂದುಬಿಡ್ತೀನಿ. ನೀವು ಪ್ರಾರ್ಥನೆ ಶುರು ಮಾಡಿ," ಎಂದರು ಫೋನಿಗೆ.

ಅವರ ಹೆಂಡತಿ ಕೋಳಿ ಸಾರು ತಂದಿಟ್ಟರು. ಇಷ್ಟು ಜನಕ್ಕೆ ಬಡಿಸುವ ರೂಢಿ ತಪ್ಪಿದ್ದರಿಂದ ಲೋಟ ಹುಡುಕಲು ಮತ್ತೆ ಒಳಗೆ ಹೋಗಿ ಬಂದರು. ಸಭಾಪಾಲಕರು ಮೇಜಿನ ತುದಿಯ ಕುರ್ಚಿಯನ್ನು ಎಳೆದುಕೊಂಡರು.

"ಪಪ್ಪಾ, ಅಲ್ಲಿ ಕೂರಬೇಡಿ!" ಪುಟ್ಟ ಮಗಳು ಕೂಗಿದಳು. "ಅದು ಯೇಸುಸ್ವಾಮಿ ಕುರ್ಚಿ. ದಿನಾ ಅವರಿಗೆ ತಟ್ಟೆನೂ ಇಡ್ತೀವಿ."

ಸಭಾಪಾಲಕರ ಮುಖ ಅರಳಿತು. "ನೋಡಿದ್ರಾ? ಮಕ್ಕಳನ್ನ ಹೀಗೆ ಬೆಳೆಸಬೇಕು," ಎಂದು ಅತಿಥಿಗಳತ್ತ ತಿರುಗಿ ಹೇಳಿ, ಅಡುಗೆಮನೆಯಿಂದ ಸ್ಟೂಲು ತಂದು ಕೂತರು.

ಮದುಮಗಳ ಕಣ್ಣು ತೇವವಾಯಿತು. "ಎಷ್ಟು ಚೆನ್ನಾಗಿದೆ ಅಮ್ಮಾವ್ರೇ! ನಮ್ಮನೇಲೂ ಹೀಗೇ ಒಂದು ಕುರ್ಚಿ ಬಿಡ್ತೀವಿ. ಇದನ್ನ ನಿಮಗೆ ಯಾರು ಹೇಳಿಕೊಟ್ಟಿದ್ದು?"

ಅಮ್ಮಾವ್ರು ತಲೆ ಎತ್ತದೆ, ತುಂಬಿದ್ದ ತಟ್ಟೆಗೇ ಮತ್ತೆ ಅನ್ನ ಬಡಿಸಿದರು.

ಮಗಳೇ ಉತ್ತರ ಕೊಟ್ಟಳು.

"ಯಾರೂ ಇಲ್ಲ ಆಂಟಿ. ಮುಂಚೆ ಅದು ಪಪ್ಪನ ಕುರ್ಚಿ. ಖಾಲಿ ಇರೋದನ್ನ ನೋಡಿ ಅಮ್ಮ ದಿನಾ ಅಳ್ತಿದ್ಲು. ಅದಕ್ಕೇ ಯೇಸುಸ್ವಾಮಿಗೆ ಕೊಟ್ಬಿಟ್ವಿ."