ಏರಿನಲ್ಲಿ ನಿಲ್ಲುವ ಗಾಡಿ

ಸೇತುವೆ ದಾಟಿ ಏರು ಹತ್ತುವಾಗ ಹಾಲಿನಕ್ಕನ ಹಳೇ ಪಿಕಪ್ಪು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ನಿನ್ನೆ, ಮೊನ್ನೆಯೂ ಇದೇ ಜಾಗ. ಹಿಂದೆ ಇಪ್ಪತ್ತೆರಡು ಕ್ಯಾನು ಹಾಲು, ಬಿಸಿಲೇರಿದರೆ ಒಡೆಯುತ್ತದೆ. ಇವತ್ತೂ ತಡವಾದರೆ ಈ ದಾರಿಯ ಹಾಲನ್ನು ಬೇರೆ ಗಾಡಿಗೆ ಕೊಡುವುದಾಗಿ ಡೇರಿಯವರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

ಪಕ್ಕದಲ್ಲಿದ್ದ ಮೆಕ್ಯಾನಿಕ್ ಇಳಿದ. ಮೂರು ದಿನದಲ್ಲಿ ಅವನು ಫಿಲ್ಟರ್ ಬದಲಿಸಿದ್ದ, ಪೈಪು ಊದಿದ್ದ, ಟ್ಯಾಂಕು ತೊಳೆದಿದ್ದ. ಶೆಡ್ಡಿನಲ್ಲಿ ಗಂಟೆಗಟ್ಟಲೆ ಓಡುವ ಎಂಜಿನ್ನು ದಾರಿಯಲ್ಲಿ ಯಾಕೆ ಕೈಕೊಡುತ್ತದೆಂದು ತಿಳಿಯದೆ, ಇವತ್ತು ತಾನೇ ಹತ್ತಿ ಬಂದಿದ್ದ.

"ಟ್ಯಾಂಕಲ್ಲಿ ಡೀಸೆಲ್ ಇದೆ, ಎಂಜಿನ್ನಿಗೆ ಬರ್ತಿಲ್ಲ. ನಡುವೆ ಎಲ್ಲಿ ಹೋಗುತ್ತೆ?"

"ನೀನೇ ಹಿಂಗೆ ಕೇಳಿದ್ರೆ ನಾನು ಯಾರನ್ನ ಕೇಳ್ಲಪ್ಪ?"

ದಿನಾ ಮಾಡುವಂತೆ ಅವಳು ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಹೀಗೆ ತೆರೆದು ನೋಡಿದ ಮೇಲೆ ತಾನಾಗೇ ಸ್ಟಾರ್ಟ್ ಆಗುತ್ತದೆ, ಎಮ್ಮೆ ಹಾಗೆ ಮೈ ಸವರಿಸಿಕೊಳ್ಳುವುದಕ್ಕೇ ನಿಲ್ಲುತ್ತದೇನೋ ಎಂದಳು.

ಅವನು ನಗಲಿಲ್ಲ. ಮುಚ್ಚಳ ಕಸಿದುಕೊಂಡು ತಿರುವಿ ನೋಡಿದ. ಗಾಳಿಗೆಂದು ಬಿಟ್ಟ ಸಣ್ಣ ತೂತಿಗೆ ಯಾರೋ ಮೇಣ ತುಂಬಿ, ಬೆರಳಲ್ಲಿ ನುಣ್ಣಗೆ ಸವರಿದ್ದರು.

"ಡೀಸೆಲ್ ಹೋದಷ್ಟೂ ಒಳಗೆ ಗಾಳಿ ಬರ್ಬೇಕಕ್ಕ. ಇದನ್ನ ಮುಚ್ಚಿದ್ರೆ ಟ್ಯಾಂಕು ಉಸಿರು ಹಿಡ್ಕೊಂಡು ಕೂರುತ್ತೆ. ಶೆಡ್ಡಲ್ಲಿ ನಾನು ಮುಚ್ಚಳ ತೆಗೆದಿಟ್ಟೇ ಓಡಿಸ್ತಿದ್ದೆ, ಗೊತ್ತಾಗ್ಲಿಲ್ಲ."

ಅವಳು ಮುಚ್ಚಿದ್ದೆಂದು ಅವನು, ಅವನದೇ ಕೆಲಸವೆಂದು ಅವಳು. ಇಬ್ಬರೂ ಅಲ್ಲವೆಂದಾಗ ಮುಖಮುಖ ನೋಡಿಕೊಂಡರು. ಅವಳ ತಲೆಯ ಪಿನ್ನಿನಿಂದ ಮೇಣ ಕೆದಕಿ ತೆಗೆದು ಹೊರಟರು. ಡೇರಿಯವನು ಗಡಿಯಾರ ನೋಡಿ, ತಲೆಯಾಡಿಸಿ ಕ್ಯಾನು ಇಳಿಸಿಕೊಂಡ.

ಮುಚ್ಚಿದವರು ಯಾರು? ಮನೆ ಮುಟ್ಟುವವರೆಗೂ ಇಬ್ಬರಿಗೂ ಬಗೆಹರಿಯಲಿಲ್ಲ.

ಮೆಟ್ಟಿಲ ಮೇಲೆ ಹಾಲಿನಕ್ಕನ ಅತ್ತೆ ಕಾಯುತ್ತಿದ್ದರು. ಹಾಲು ಹೊತ್ತಿಗೆ ಮುಟ್ಟಿತೆಂದು ಕೇಳಿ ಅವರ ಮುಖ ಅರಳಿತು. ಸೊಸೆಯನ್ನು ಪಕ್ಕಕ್ಕೆ ಕರೆದರು. ಡೀಸೆಲ್ಲಿಗೆ ಧೂಳು ಬೀಳುತ್ತಿದೆಯೆಂದು ಹೋದ ವಾರ ಈ ಮೆಕ್ಯಾನಿಕ್ಕೇ ಅಂದದ್ದನ್ನು ಅವರು ಕೇಳಿಸಿಕೊಂಡಿದ್ದರಂತೆ. ಗಾಡಿ ಒರೆಸುವಾಗ ಮುಚ್ಚಳದಲ್ಲಿ ತೂತು ಕಣ್ಣಿಗೆ ಬಿತ್ತಂತೆ.

"ಮೊದಲು ತೆಳ್ಳಗೆ ಮುಚ್ಚಿದ್ದೆ ಕಣೇ, ಸಾಲಲಿಲ್ಲ ಅಂತ ಕಾಣುತ್ತೆ. ನಿನ್ನೆ ಸಂಜೆ ದಪ್ಪಗೆ ತುಂಬಿದೆ, ಇವತ್ತು ನೋಡು. ಅವನಿಗೆ ಹೇಳ್ಬೇಡ, ಪಾಪ, ಬೇಜಾರು ಮಾಡ್ಕೊಂಡಾನು."

ಹಾಲಿನಕ್ಕ ತಲೆಯ ಪಿನ್ನು ಮುಟ್ಟಿ ನೋಡಿಕೊಂಡಳು. ಮೆಕ್ಯಾನಿಕ್ಕನ ಕಡೆ ನೋಡಿದಳು. ಎಲ್ಲ ಕೇಳಿಸಿಕೊಂಡಿದ್ದ ಅವನು ನೆಲ ನೋಡುತ್ತಿದ್ದ.

"ಬಿಸಿಲಿಗೆ ಕರಗಿರುತ್ತೆ, ನಾಳೆಗೆ ಇನ್ನೊಂದು ಸಲ ಹಾಕಿಬಿಡ್ತೀನಿ," ಎನ್ನುತ್ತ ಅತ್ತೆ ಮೇಣದಬತ್ತಿ ಹೊತ್ತಿಸಿ, ಗಾಳಿಗೆ ಆರದಂತೆ ಅಂಗೈ ಅಡ್ಡ ಹಿಡಿದು, ಗಾಡಿಯ ಕಡೆ ನಡೆದರು.